ಸತ್ತವರ ಜೇಬಿನಲ್ಲಿದ್ದ ಕಾರ್ಡು

"ಕೋಟೆ ಮೈದಾನ ಬೇಡ," ಎಂದರು ಹಲ್ಲಿನ ಡಾಕ್ಟರು. "ಬೇರೆ ಎರಡು ಇದಾವಲ್ಲ, ಅಲ್ಲೇ ಆಡೋಣ. ಉಳಿದ ದಿನ ದೋಣಿ ಹತ್ತಿ ಸುತ್ತಾಡಿದರಾಯ್ತು."

ನನ್ನ ಮೇಜಿನ ಮೇಲೆ ಕರಾವಳಿಯ ನಕ್ಷೆ ಬಿಚ್ಚಿಕೊಂಡಿತ್ತು. ಮೇಲ್ತುದಿಯಲ್ಲಿ ಹಳೆಯ ಬಂದರು, ನಡುವೆ ದೀಪ ಆರಿ ಎಷ್ಟೋ ಕಾಲವಾದ ದೀಪಸ್ತಂಭ, ಕೆಳತುದಿಯಲ್ಲಿ ಅರ್ಧ ಕಡಲಿಗೆ ಜಾರಿಹೋದ ಕಲ್ಲಿನ ಕೋಟೆ. ಮೂರರ ಪಕ್ಕದಲ್ಲೂ ಒಂದೊಂದು ಗಾಲ್ಫ್ ಮೈದಾನ. ಡಾಕ್ಟರ ಬೆರಳು ಬಂದರಿನಿಂದ ದೀಪಸ್ತಂಭದವರೆಗೆ ಸರಾಗವಾಗಿ ಇಳಿದು ಬಂದು, ಕೋಟೆಗೆ ಒಂದು ಗೇಣು ಮೊದಲೇ ನಿಂತುಬಿಟ್ಟಿತು.

ಹೋದ ವರ್ಷ ಇದೇ ಗುಂಪಿನ ಎಂಜಿನಿಯರು ಆ ಕೋಟೆಯ ಗೋಡೆಯಿಂದ ಬಿದ್ದು ಸತ್ತಿದ್ದರು. ತಳ್ಳಿದವನು ಗುಂಪನ್ನು ಕರೆದುಕೊಂಡು ಹೋಗಿದ್ದ ನನ್ನ ತಮ್ಮನೇ ಎಂದು ಪೊಲೀಸರು ಅವನನ್ನು ಒಳಗೆ ಹಾಕಿ ಹನ್ನೊಂದು ತಿಂಗಳಾಗಿತ್ತು. ಅವನ ಪರವಾಗಿ ಸಾಕ್ಷಿ ಕೊಡಲು ಸೋಮವಾರವೇ ಕೊನೆಯ ದಿನ. ಇವತ್ತು ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ.

"ಯಾಕೆ ಬೇಡ ಡಾಕ್ಟ್ರೇ?" ಎಂದು ಕೇಳಿದೆ.

ಗಾಳಿ ಜಾಸ್ತಿ, ಹೊಡೆದ ಚೆಂಡು ಹೊಡೆದ ಕಡೆ ಹೋಗುವುದಿಲ್ಲ ಎಂದರು. ಈ ಮನುಷ್ಯ ಹೊಡೆದ ಚೆಂಡು ಯಾವ ಮೈದಾನದಲ್ಲೂ ಹೊಡೆದ ಕಡೆ ಹೋದದ್ದಿಲ್ಲ. ಆದರೂ ತಲೆಯಾಡಿಸಿ, 'ಡಾಕ್ಟರಿಗೆ ಕೋಟೆ ಬೇಡ' ಎಂದು ಬರೆದುಕೊಂಡೆ.

ಆರೋಪಿಯ ಅಕ್ಕನ ಪ್ರವಾಸದ ಆಫೀಸಿಗೆ ಇವರು ಯಾಕೆ ಬಂದರು ಎಂದರೆ, ಬರದೆ ವಿಧಿಯಿರಲಿಲ್ಲ. ಕೋಟೆ ಮೈದಾನದಲ್ಲಿ ಆಡಬೇಕಾದರೆ ಒಂದು ವರ್ಷ ಮುಂಚೆ ಜಾಗ ಹಿಡಿಯಬೇಕು. ಎಂಜಿನಿಯರು ಸಾಯುವ ದಿನ ಬೆಳಿಗ್ಗೆ ಅಲ್ಲಿಂದಲೇ ನನಗೆ ಫೋನ್ ಮಾಡಿ, ಮುಂದಿನ ವರ್ಷಕ್ಕೂ ಇದೇ ವಾರ ಹಿಡಿದುಬಿಡಿ ಅಕ್ಕಾ ಎಂದಿದ್ದರು. ನಾನು ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಅವರು ಬಂಡೆಗಳ ಮೇಲೆ ಬಿದ್ದಿದ್ದರು.

ಈ ಫೋನಿನ ವಿಷಯವನ್ನು ಪೊಲೀಸರಿಗೆ ಬಾಯಿಬಿಟ್ಟು ಹೇಳಿದವಳು ನಾನೇ. ಮುಂದಿನ ವರ್ಷದ ರಜೆಗೆ ಜಾಗ ಹಿಡಿದವರು ತಾವಾಗಿ ಹಾರಿ ಸಾಯುವುದಿಲ್ಲ, ಕಾಲು ಜಾರಿರಬೇಕು ಎಂದು ವಾದ ಮಾಡಿದೆ. ಅವರು ಮೊದಲರ್ಧ ಒಪ್ಪಿಕೊಂಡರು. ಅಂಗಿಯ ಕಾಲರು ಹರಿದಿದೆ, ಹಾಗಾದರೆ ಯಾರೋ ತಳ್ಳಿದ್ದಾರೆ ಎಂದರು. ನನ್ನ ಮಾತೇ ನನ್ನ ತಮ್ಮನ ಕುತ್ತಿಗೆಗೆ ಬಂತು.

ಕಳೆದ ವಾರ ಎಂಜಿನಿಯರ ಹೆಂಡತಿ ಫೋನ್ ಮಾಡಿ, ಅವರು ಹಿಡಿದಿಟ್ಟ ಜಾಗ ಹಾಳಾಗುವುದು ಬೇಡ, ನಾನೂ ಬರುತ್ತೇನೆ, ಗೆಳೆಯರಿಬ್ಬರೂ ಆಡಲಿ ಎಂದರು. ಸತ್ತ ಗೆಳೆಯನ ಹೆಂಡತಿ ಕೇಳಿದರೆ ಇಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ? ಹೀಗೆ ಮೂವರೂ ನನ್ನೆದುರು ಬಂದು ಕೂತಿದ್ದರು.

ನನಗೂ ಅದೇ ಬೇಕಿತ್ತು. ಜನರ ಒಳಗು ತಿಳಿಯಬೇಕಾದರೆ ಅವರನ್ನು ಕೂರಿಸಿಕೊಂಡು ಒಂದು ಪ್ರವಾಸದ ಯೋಜನೆ ಹಾಕಬೇಕು. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಗಂಡ ಕೇಳುವ ಕೋಣೆ ಯಾವುದು, ಹೆಂಡತಿ ಕೇಳುವುದು ಯಾವುದು ಎಂದು ನೋಡಿದರೆ ಆ ಮನೆಯ ಅರ್ಧ ಕತೆ ನನಗೆ ಗೊತ್ತಾಗುತ್ತದೆ. ಪೊಲೀಸರು ಕೇಳುವಾಗ ಮೈಯೆಲ್ಲ ಕಣ್ಣಾಗಿ ಉತ್ತರ ಕೊಡುವವರೂ, ಬೆಳಿಗ್ಗೆ ತಿಂಡಿ ಎಷ್ಟು ಹೊತ್ತಿಗೆ ಬೇಕು ಎಂದು ನಾನು ಕೇಳುವಾಗ ಮೈಮರೆಯುತ್ತಾರೆ.

"ಮೇಷ್ಟ್ರೇ, ನಿಮಗೆ?"

ನಿವೃತ್ತ ಹೆಡ್ಮಾಸ್ಟರು ನಕ್ಷೆಯನ್ನು ನೋಡಲೇ ಇಲ್ಲ. ಅವರ ಮಂಡಿಯ ಮೇಲೆ ಎರಡೂ ಕೈ ಇದ್ದವು. "ಅವನು ಹಿಡಿದದ್ದು ಕೋಟೆಗೆ. ಹೋದರೆ ಅಲ್ಲಿಗೇ ಹೋಗಬೇಕು," ಎಂದರು. "ಆದರೆ ನನಗೆ ಒಂಬತ್ತು ಹೋಲ್ ಸಾಕಮ್ಮ. ಅದಕ್ಕಿಂತ ಮುಂದೆ ನಾನು ಬರೋದಿಲ್ಲ."

ಹೋಲ್ ಎಂದರೆ ಚೆಂಡು ಹಾಕುವ ಗುಂಡಿ. ಒಂದು ಮೈದಾನಕ್ಕೆ ಹದಿನೆಂಟು. ಮೈಲುಗಟ್ಟಲೆ ನಡೆದು ಕೋಲಿನಿಂದ ಒಂದು ಚೆಂಡನ್ನು ಗುಂಡಿಗೆ ಹಾಕುವುದು, ಆಮೇಲೆ ಬಗ್ಗಿ ಅದನ್ನೇ ಎತ್ತಿಕೊಳ್ಳುವುದು. ನನಗೆ ಈ ಆಟ ಎಂದೂ ತಲೆಗೆ ಹತ್ತಿದ್ದಲ್ಲ. ಆದರೆ ಅದರ ರೀತಿ ರಿವಾಜು ಮಾತ್ರ ಚೆನ್ನಾಗಿ ಗೊತ್ತು, ಹೊಟ್ಟೆಪಾಡು ನಡೆಯುವುದೇ ಅದರಿಂದ.

'ಮೇಷ್ಟ್ರಿಗೆ ಒಂಬತ್ತೇ ಹೋಲ್' ಎಂದು ಬರೆದುಕೊಂಡೆ.

ಎಂಜಿನಿಯರ ಹೆಂಡತಿಯನ್ನು ಕೇಳಿದಾಗ, ಎಲ್ಲಾದರೂ ಸರಿ, ಯಾವ ಕೋಣೆಯಾದರೂ ಸರಿ ಎಂದರು. ನಲವತ್ತು ದಾಟಿರದ ಹೆಂಗಸು. ಒಂದು ವರ್ಷದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಕೈಯಲ್ಲಿದ್ದ ಕರವಸ್ತ್ರವನ್ನು ಮಡಚುವುದು, ಬಿಚ್ಚುವುದು ಬಿಟ್ಟರೆ ಅವರು ಬೇರೇನೂ ಮಾಡುತ್ತಿರಲಿಲ್ಲ. ಅವರ ಮುಖ ನೋಡಿದಾಗಲೆಲ್ಲ ನನಗೆ ಅಳುಕಾಗುತ್ತಿತ್ತು. ಗಂಡನನ್ನು ಕಳೆದುಕೊಂಡವರು, ಅವನನ್ನು ಕೊಂದನೆನ್ನಲಾದವನ ಅಕ್ಕನನ್ನು ಇನ್ನೂ 'ಅಕ್ಕ' ಎಂದೇ ಕರೆಯುತ್ತಿದ್ದರು.

ಆ ದಿನದ ವಿವರ ನನಗೆ ಬಾಯಿಪಾಠವಾಗಿದೆ. ಎಂಜಿನಿಯರು, ಡಾಕ್ಟರು, ಮೇಷ್ಟ್ರು ಮೂವರು ಆಡಲು ಹೊರಟರು, ಜೊತೆಗೆ ನನ್ನ ತಮ್ಮ. ಎಂಜಿನಿಯರ ಹೆಂಡತಿ ತಲೆನೋವೆಂದು ಹೋಟೆಲಿನಲ್ಲೇ ಉಳಿದರು. ಒಂಬತ್ತನೇ ಹೋಲ್ ಮುಗಿಯುವಾಗ ಗಾಳಿ ಎದ್ದಿತು, ಮೇಷ್ಟ್ರಿಗೆ ಮಂಡಿನೋವೂ ಶುರುವಾಯಿತು. ಡಾಕ್ಟರು, ಮೇಷ್ಟ್ರು ಇಬ್ಬರೂ ಆಟ ಬಿಟ್ಟು ಕ್ಲಬ್ಬಿಗೆ ವಾಪಸಾದರು. ಎಂಜಿನಿಯರು ಮಾತ್ರ ಆಡಿಯೇ ತೀರುತ್ತೇನೆಂದು ಹಟ ಹಿಡಿದರು.

ಅಲ್ಲಿಂದ ಮುಂದೆ ಅವರ ಜೊತೆಗಿದ್ದವನು ನನ್ನ ತಮ್ಮನೊಬ್ಬನೇ ಎಂದು ಪೊಲೀಸರ ವಾದ. ತಮ್ಮನ ಹೇಳಿಕೆ ಬೇರೆ. ಎಂಜಿನಿಯರು ತನ್ನನ್ನು ಅಲ್ಲಿಂದಲೇ ಹೋಟೆಲಿಗೆ ಮಾತ್ರೆ ತರಲು ಕಳಿಸಿದರು, ಹೋಗಿ ಬಾಗಿಲು ತಟ್ಟಿದೆ, ಯಾರೂ ತೆಗೆಯಲಿಲ್ಲ ಎಂದ. ಮಲಗಿದ್ದೆ, ತಟ್ಟಿದ್ದು ಕೇಳಿಸಲಿಲ್ಲ ಎಂದರು ಎಂಜಿನಿಯರ ಹೆಂಡತಿ. ಆ ಮಾತು ಅವನನ್ನು ಮುಳುಗಿಸಲಿಲ್ಲ, ತೇಲಿಸಲೂ ಇಲ್ಲ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನಿಗೂ ಎಂಜಿನಿಯರಿಗೂ ಜೋರು ಮಾತಾಗಿದ್ದನ್ನು ಹೋಟೆಲಿನವರು ಕೇಳಿದ್ದರು. ಯಾವುದಕ್ಕೆ ಜಗಳ ಎಂದು ಜೈಲಿನ ಕಂಬಿಯ ಈಚೆ ನಿಂತು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಏನಿಲ್ಲ ಬಿಡಕ್ಕ ಎಂಬುದೊಂದೇ ಉತ್ತರ.

ಸರಿ, ಈಗ ಕಾರ್ಡಿನ ವಿಷಯ.

ಎಂಟು ದಿನದ ಹಿಂದೆ ವಕೀಲರ ಮುಂದೆ ಕೂತು, ಪೊಲೀಸರ ಪಟ್ಟಿಯನ್ನು ಒಂದಕ್ಷರ ಬಿಡದೆ ಓದಿ ಎಂದು ಹಟ ಮಾಡಿದೆ. ವಕೀಲರು ಆಕಳಿಸುತ್ತಲೇ ಓದಿದರು. ಗಡಿಯಾರ ಒಂದು, ಕೈಗವಸು ಒಂದು, ಚೆಂಡು ಎರಡು. ಮೃತರ ಹೆಸರಿನ ಆಟದ ಕಾರ್ಡು, ಹನ್ನೊಂದನೇ ಹೋಲಿನವರೆಗೆ ತುಂಬಿದ್ದು, ಒಂದು.

ಇನ್ನೊಮ್ಮೆ ಓದಿ ಎಂದೆ. ಓದಿದರು. ಆ ಸಾಲನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ.

ಗಾಲ್ಫ್ ಆಡುವವರಲ್ಲಿ ಒಂದು ಪದ್ಧತಿಯಿದೆ. ಆಟ ಶುರುವಾಗುವ ಮುಂಚೆ ಇಬ್ಬರು ತಮ್ಮ ಕಾರ್ಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ನನ್ನ ಹೊಡೆತಗಳನ್ನು ನೀವು ಬರೆಯಬೇಕು, ನಿಮ್ಮವನ್ನು ನಾನು. ತನ್ನ ಲೆಕ್ಕ ತಾನೇ ಬರೆದುಕೊಂಡರೆ ಮೈದಾನದಲ್ಲಿ ಸೋಲುವವರೇ ಇರುವುದಿಲ್ಲವಲ್ಲ. ಆಟ ಮುಗಿದು ಕೈ ಕುಲುಕಿದ ಮೇಲೆಯೇ ಅವರವರ ಕಾರ್ಡು ಅವರವರ ಕೈಗೆ.

ಪೊಲೀಸರು ಗಾಲ್ಫ್ ಆಡುವವರಲ್ಲ. ವಕೀಲರೂ ಅಲ್ಲ. ಸತ್ತವರ ಜೇಬಿನಲ್ಲಿ ಸತ್ತವರ ಹೆಸರಿನ ಕಾರ್ಡಿದ್ದರೆ ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವರೇ ಬರೆದುಕೊಂಡಿದ್ದಾರೆ ಎಂದುಕೊಂಡು, ಅದು ಯಾರ ಕೈಬರಹ ಎಂದು ನೋಡುವ ಗೊಡವೆಗೂ ಹೋಗಲಿಲ್ಲ.

ಆದರೆ ಆಟ ನಡುವೆಯೇ ನಿಂತಿದೆ. ಎಂಜಿನಿಯರ ಜೇಬಿನಲ್ಲಿ ಇರಬೇಕಾದದ್ದು ಜೊತೆಗಾರನ ಕಾರ್ಡು. ಅವರ ಕಾರ್ಡು ಜೊತೆಗಾರನ ಹತ್ತಿರ. ಅದನ್ನು ಅವರ ಕೈಗೆ ಕೊಟ್ಟರೋ, ಬಿದ್ದ ಮೇಲೆ ಜೇಬಿಗೆ ತುರುಕಿದರೋ, ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದೇ ಆಗಲಿ, ಆ ಕಾರ್ಡಿನಲ್ಲಿ ಹನ್ನೊಂದನೇ ಹೋಲಿನ ಲೆಕ್ಕ ಬರೆದ ಮನುಷ್ಯ ಹನ್ನೊಂದನೇ ಹೋಲಿನಲ್ಲಿ, ಅಂದರೆ ಅವರು ಬಿದ್ದ ಆ ಕೋಟೆಗೋಡೆಯ ಪಕ್ಕದಲ್ಲೇ ನಿಂತಿದ್ದ. ನನ್ನ ತಮ್ಮ ಆ ಹೊತ್ತಿಗೆ ಹೋಟೆಲಿನ ದಾರಿಯಲ್ಲಿದ್ದ.

ಕಾರ್ಡಿನ ನಕಲಿಗೆ ವಕೀಲರು ಅವತ್ತೇ ಕೋರ್ಟಿಗೆ ಅರ್ಜಿ ಹಾಕಿದರು. ಅದರ ಮೇಲಿನ ಬರಹ ಆರೋಪಿಯದಲ್ಲ ಎಂದು ಅವನ ಕೈಬರಹ ಬಲ್ಲವರು ಬರೆದುಕೊಡಬೇಕಾಗುತ್ತದೆ ಎಂದರು. ಹೇಳಿಕೆ ಬರೆಸಿಡಿ, ನಾನು ಸಹಿ ಹಾಕುತ್ತೇನೆ ಎಂದೆ. ಕಾರ್ಡನ್ನು ಇನ್ನೂ ಕಣ್ಣಿಂದ ನೋಡಿರಲಿಲ್ಲ. ನೋಡುವ ಅಗತ್ಯವಿದೆ ಎಂದು ನನಗೆ ಅನಿಸಿರಲೂ ಇಲ್ಲ.

"ಈ ಫಾರಂ ತುಂಬಿ," ಎಂದು ಇಬ್ಬರ ಮುಂದೆಯೂ ನಾಲ್ಕು ನಾಲ್ಕು ಪುಟ ಇಟ್ಟೆ.

ನಮ್ಮ ಫಾರಂ ಬಹಳ ಉದ್ದ ಎಂದು ಗಿರಾಕಿಗಳು ಗೊಣಗುತ್ತಾರೆ. ಬೂಟಿನ ಅಳತೆ, ಕೋಲಿನ ಉದ್ದ, ಎದ್ದೇಳುವ ಹೊತ್ತು, ಕಳೆದ ಮೂರು ಆಟಗಳ ಹೊಡೆತದ ಲೆಕ್ಕ. ಗೊರಕೆ ಹೊಡೆಯುತ್ತೀರಾ ಎಂಬ ಪ್ರಶ್ನೆಯೂ ಉಂಟು. ಡಾಕ್ಟರು ಆ ಜಾಗದಲ್ಲಿ 'ಇಲ್ಲ' ಎಂದು ಬರೆದರು. ಹೋದ ವರ್ಷ ಎಂಜಿನಿಯರು ಸಾಯುವ ಹೊತ್ತಿಗೆ ಈ ಮನುಷ್ಯ ಕ್ಲಬ್ಬಿನ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದದ್ದಕ್ಕೆ ಐದು ಜನ ಸಾಕ್ಷಿಗಳಿದ್ದರು. ಅವರನ್ನು ಉಳಿಸಿದ್ದೇ ಆ ಗೊರಕೆ.

ನನಗೆ ಬೇಕಾಗಿದ್ದದ್ದು ಅಂಕಿಗಳು. ಮೇಷ್ಟ್ರ ಅಂಕಿಗಳು ಮೇಷ್ಟ್ರ ಹಾಗೆಯೇ ಇದ್ದವು, ನೆಟ್ಟಗೆ, ಒಂದಕ್ಕೊಂದು ತಾಗದೆ. ಮೂರು ಆಟಗಳ ಮೊತ್ತ ಬರೆದು, ಉತ್ತರಪತ್ರಿಕೆಗೆ ಹಾಕುವ ಹಾಗೆ ಕೆಳಗೆ ಎರಡು ಗೆರೆ ಎಳೆದರು. ನಲವತ್ತು ವರ್ಷದ ಅಭ್ಯಾಸ ನಾಲ್ಕು ದಿನಕ್ಕೆ ಬಿಡುತ್ತದೆಯೇ?

ಫಾರಂ ವಾಪಸು ತೆಗೆದುಕೊಂಡು, ಆಡುವಾಗ ಜೊತೆ ಹೇಗೆ ಮಾಡಲಿ ಎಂದು ಕೇಳಿದೆ. ಹೋದ ವರ್ಷ ಯಾರ ಕಾರ್ಡು ಯಾರು ಬರೆದಿರಿ?

ಡಾಕ್ಟರು ನಕ್ಕರು. ತಮ್ಮ ಕಾರ್ಡನ್ನು ನಾಲ್ಕನೇ ಹೋಲಿನಲ್ಲೇ ಹರಿದು ಬಿಸಾಡಿದೆ, ಪ್ರತಿ ವರ್ಷ ಅದೇ ಕತೆ ಎಂದರು. "ಇವರಿಬ್ಬರದೇ ನೋಡಿ ಅಕ್ಕಾ ಶಿಸ್ತು. ಎಂಜಿನಿಯರದ್ದು ಮೇಷ್ಟ್ರು ಬರೀತಿದ್ರು, ಮೇಷ್ಟ್ರದ್ದು ಎಂಜಿನಿಯರು."

ಹೇಳಿ ಮುಗಿಸಿ ಡಾಕ್ಟರು ನೀರಿನ ಲೋಟಕ್ಕೆ ಕೈ ಹಾಕಿದರು. ಮೇಷ್ಟ್ರು ಮಾತ್ರ ಅಲ್ಲಾಡಲಿಲ್ಲ.

ನಾನು ಎದ್ದು ಹೋಗಿ ಬಾಗಿಲಿಗೆ 'ಮುಚ್ಚಿದೆ' ಎಂಬ ಹಲಗೆ ತಿರುಗಿಸಿ ಬಂದು ಕೂತೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ. ಪಟ್ಟಿಯಲ್ಲಿ ಓದಿದ್ದನ್ನು, ನಾನು ತರ್ಕಿಸಿದ್ದನ್ನು ಮೂವರ ಮುಂದೆಯೂ ಒಂದೊಂದಾಗಿ ಇಟ್ಟೆ. ಮೇಷ್ಟ್ರೇ, ನಿಮ್ಮ ಕಾರ್ಡು ಅವರ ಜೇಬಿನಲ್ಲಿ ಇರಬೇಕಿತ್ತು, ಇರಲಿಲ್ಲ. ಅವರ ಕಾರ್ಡು ನಿಮ್ಮ ಜೇಬಿನಲ್ಲಿ ಇರಬೇಕಿತ್ತು, ಅದು ಅವರ ಜೇಬಿನಲ್ಲಿ ಸಿಕ್ಕಿತು. ಹನ್ನೊಂದರವರೆಗೆ ತುಂಬಿತ್ತು. ಮಂಡಿನೋವೆಂದು ಒಂಬತ್ತಕ್ಕೇ ಬಿಟ್ಟುಬಂದೆ ಎಂದಿರಿ. ಕ್ಲಬ್ಬಿನಲ್ಲಿ ಡಾಕ್ಟರನ್ನು ಕಂಡವರು ಐದು ಜನ, ನಿಮ್ಮನ್ನು ಕಂಡವರು ಯಾರು?

"ಬಟ್ಟೆ ಬದಲಾಯಿಸೋ ಕೋಣೆಯಲ್ಲಿ ಮಂಡಿಗೆ ಬಿಸಿನೀರಿನ ಚೀಲ ಇಟ್ಕೊಂಡು ಕೂತಿದ್ದೆ," ಎಂದರು ಮೇಷ್ಟ್ರು.

"ಕಂಡವರು?"

"ಯಾರೂ ಇಲ್ಲ."

"ಆಟ ಮುಗಿದರೆ ಅವರ ಕಾರ್ಡು ಅವರಿಗೆ ಕೊಡೋದು, ನಮ್ಮದು ನಾವು ತಗೊಳ್ಳೋದು. ಕೈಗೆ ಅಭ್ಯಾಸ ಆಗಿಹೋಗಿದೆ, ಅಲ್ವಾ ಮೇಷ್ಟ್ರೇ? ಮನುಷ್ಯನೇ ಮುಗಿದುಹೋದರೂ ಕೈ ತನ್ನ ಕೆಲಸ ಮಾಡಿಬಿಡ್ತು. ಎರಡೂ ಕಾರ್ಡು ಹರಿದು ಕಡಲಿಗೆ ಎಸೆದಿದ್ದರೆ ನನ್ನ ಕೈಲಿ ಏನೂ ಇರ್ತಿರಲಿಲ್ಲ."

ಡಾಕ್ಟರ ಲೋಟ ಮೇಜಿಗೆ ಬಡಿಯಿತು. ಎಂಜಿನಿಯರ ಹೆಂಡತಿ ಕರವಸ್ತ್ರ ಮಡಚುವುದನ್ನು ನಿಲ್ಲಿಸಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು. ಅವರ ಕಣ್ಣಲ್ಲಿ ನೀರು ಆಡುತ್ತಿತ್ತು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ನನಗೆ ಹೊಟ್ಟೆಯಲ್ಲಿ ತಂಪಾದ ಹಾಗಾಯಿತು. ಒಬ್ಬ ಮುದುಕನ ಕಣ್ಣೀರು ನೋಡಿ ಹಾಗಾಗಬಾರದು, ಆದರೆ ಆಯಿತು.

ಆಗ ಯಾರೋ ಬಾಗಿಲ ಗಾಜು ತಟ್ಟಿದರು.

ವಕೀಲರ ಗುಮಾಸ್ತರು. ನಿವೃತ್ತಿಗೆ ಎರಡು ವರ್ಷ ಉಳಿದಿರುವ, ಯಾವಾಗಲೂ ಏದುಸಿರು ಬಿಡುವ ಮನುಷ್ಯ. ಕೋರ್ಟಿನಿಂದ ನಕಲು ಈಗಷ್ಟೇ ಸಿಕ್ಕಿತು, ಹೇಳಿಕೆಯೂ ತಯಾರಿದೆ, ಐದು ಗಂಟೆಯೊಳಗೆ ಸಲ್ಲಿಸದಿದ್ದರೆ ಸೋಮವಾರಕ್ಕೆ ಬರುವುದಿಲ್ಲ, ಬೇಗ ಸಹಿ ಹಾಕಿ ಎಂದು ಲಕೋಟೆ ಚಾಚಿದರು. ಪೆನ್ನಿನ ಮುಚ್ಚಳವನ್ನೂ ತೆಗೆದೇ ಹಿಡಿದಿದ್ದರು.

ನಕಲನ್ನು ಲಕೋಟೆಗೆ ತುಂಬಲು ನಡುವೆ ಮಡಚಿದ್ದರು. ಮೇಲಿನ ಮಡಿಕೆ ಎಡಭಾಗ, ಮೊದಲ ಒಂಬತ್ತು ಹೋಲಿನದು. ನೆಟ್ಟನೆಯ ಅಂಕಿಗಳು. ಒಂಬತ್ತರ ಮೊತ್ತ. ಮೊತ್ತದ ಕೆಳಗೆ ಎರಡು ಗೆರೆ.

ಮೇಷ್ಟ್ರ ಫಾರಮ್ಮನ್ನು ಅದರ ಪಕ್ಕಕ್ಕೆ ಎಳೆದಿಟ್ಟೆ. ಕುರುಡರಿಗೂ ಕಾಣುವ ಹಾಗಿತ್ತು.

"ಇದು ನಿಮ್ಮ ಕೈಬರಹ ತಾನೇ?"

"ನನ್ನದೇ."

ಗುಮಾಸ್ತರ ಕಡೆ ತಿರುಗಿ, ಕೇಳಿಸಿಕೊಂಡಿರಲ್ಲ, ಈ ಮಾತು ನೆನಪಿರಲಿ ಎಂದೆ. ತಮ್ಮನ ಕೋಣೆಯ ಕಿಟಕಿ ತೆರೆದು ಗಾಳಿಯಾಡಿಸಬೇಕು, ಹಾಸಿಗೆ ಬಿಸಿಲಿಗೆ ಹಾಕಬೇಕು ಎಂದೆಲ್ಲ ಆ ಅರೆಕ್ಷಣದಲ್ಲೇ ಯೋಚನೆ ಬಂತು.

"ಪೂರ್ತಿ ಬಿಚ್ಚಿ ನೋಡಮ್ಮ," ಎಂದರು ಮೇಷ್ಟ್ರು.

ಬಿಚ್ಚಿದೆ. ಬಲಭಾಗದಲ್ಲಿ ಎರಡೇ ಮನೆಗಳು ತುಂಬಿದ್ದವು. ಹತ್ತನೇ ಹೋಲಿಗೆ 8. ಹನ್ನೊಂದಕ್ಕೆ 5. ಅದರಾಚೆ ಖಾಲಿ.

ಆ ಎಂಟು ಮೇಷ್ಟ್ರದಲ್ಲ. ಒಂದು ಸೊನ್ನೆ, ಅದರ ತಲೆಯ ಮೇಲೆ ಇನ್ನೊಂದು ಚಿಕ್ಕ ಸೊನ್ನೆ, ಎರಡೂ ಒಂದಕ್ಕೊಂದು ಅಂಟದೆ ಬೇರೆ ಬೇರೆ ಕೂತಿದ್ದವು.

ಅಮ್ಮ ತೀರಿಹೋದಾಗ ತಮ್ಮನಿಗೆ ಐದು, ನನಗೆ ಹದಿನಾರು. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣ ಹಿಡಿಸಿ ಅವನಿಗೆ ಅಂಕಿ ಕಲಿಸಿದವಳು ನಾನು. ಎಂಟನ್ನು ಒಂದೇ ಗೆರೆಯಲ್ಲಿ ಸುತ್ತಿಸಲು ಎಷ್ಟು ತಿದ್ದಿದರೂ, ಎಷ್ಟು ಗದರಿದರೂ ಆಗಲಿಲ್ಲ. ಒಂದು ಸಲ ಬೆರಳಿನ ಗೆಣ್ಣಿಗೆ ಹೊಡೆದೂ ಇದ್ದೆ. ಅಳುತ್ತಲೇ ಎರಡು ಸೊನ್ನೆ ಬರೆದು ತೋರಿಸಿದ. ಇವತ್ತಿಗೂ ಹಾಗೆಯೇ ಬರೆಯುತ್ತಾನೆ. ನಮ್ಮ ಆಫೀಸಿನ ಡೈರಿಗಳಲ್ಲಿ ಅಂಥ ಸಾವಿರ ಎಂಟುಗಳಿವೆ.

ಕಾಗದವನ್ನು ಮೇಜಿನ ಮೇಲಿಟ್ಟೆ.

ಮೇಷ್ಟ್ರು ಮೆಲ್ಲಗೆ ಹೇಳುತ್ತ ಹೋದರು. ಒಂಬತ್ತನೇ ಹೋಲಿನಲ್ಲಿ ಮಂಡಿ ಹಿಡಿದುಕೊಂಡಿತು. ಎಂಜಿನಿಯರು ಆಡುತ್ತೇನೆಂದಾಗ ಅವರ ಕಾರ್ಡನ್ನು, ಇನ್ನು ನೀನು ಬರಿ ಎಂದು ನನ್ನ ತಮ್ಮನ ಕೈಗೆ ಕೊಟ್ಟು ಬಂದರು. ಮೇಷ್ಟ್ರ ಸ್ವಂತ ಕಾರ್ಡು ಎಂಜಿನಿಯರ ಹತ್ತಿರವೇ ಉಳಿಯಿತು. ಮಧ್ಯಾಹ್ನ ಹೆಣ ಸಿಕ್ಕಿ ಎಲ್ಲರೂ ದಿಕ್ಕೆಟ್ಟು ಓಡಾಡುತ್ತಿದ್ದಾಗ, ನನ್ನ ತಮ್ಮ ಅವರ ಹತ್ತಿರ ಬಂದು ನಿಂತ.

"'ಸರ್, ನಿಮ್ಮ ಕಾರ್ಡು' ಅಂತ ನನ್ನ ಕೈಗೆ ಇಟ್ಟನಮ್ಮ. ಮುಖ ಬಿಳಿಚಿಕೊಂಡಿತ್ತು, ಎಲ್ಲಿದ್ದಾನೆ ಅನ್ನೋ ಪ್ರಜ್ಞೆಯೇ ಇರಲಿಲ್ಲ ಅವನಿಗೆ. ನೀನು ಕಲಿಸಿದ ಮರ್ಯಾದೆ. ಆಟ ಮುಗಿದ ಮೇಲೆ ಯಾರ ಕಾರ್ಡು ಅವರಿಗೆ ತಲುಪಿಸಬೇಕು ಅಂತ."

ಹೌದು, ನಾನೇ ಕಲಿಸಿದ್ದು. ಗುಂಪು ಕರೆದುಕೊಂಡು ಹೋಗುವವನು ಗಿರಾಕಿಗಳ ಸಾಮಾನು, ಕನ್ನಡಕ, ಕಾರ್ಡು, ಯಾವುದನ್ನೂ ಮರೆಯಬಾರದೆಂದು ಕಿವಿ ಹಿಂಡಿ ಕಲಿಸಿದ್ದೆ.

ಮೇಷ್ಟ್ರು ಒಳಜೇಬಿನಿಂದ ಪರ್ಸು ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯಾಗಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟರು. ಅವರ ಹೆಸರು, ಎಂಜಿನಿಯರ ಕೈಬರಹ, ಒಂಬತ್ತರ ತನಕ.

"ನನ್ನ ಹತ್ತಿರ ಓದಿದ ಹುಡುಗ ನಿನ್ನ ತಮ್ಮ," ಎಂದರು. "ಒಂಬತ್ತನೇ ಹೋಲಿನಲ್ಲಿ ಅವನನ್ನ ಬಿಟ್ಟುಬಂದೆ ಅಂತ ಪೊಲೀಸರಿಗೆ ಹೇಳಿದೆ, ಕಂಡದ್ದು ಅದು. ಇದನ್ನ ಹೇಳೋಕೆ ನನ್ನ ಬಾಯಿ ಬರಲಿಲ್ಲ. ಕೇಳಮ್ಮ, ನಿನಗೆ ಬೇಕಾದರೆ ಇದನ್ನ ಇಲ್ಲೇ ಹರಿದುಬಿಡ್ತೀನಿ. ಹತ್ತು, ಹನ್ನೊಂದು ಕೂಡ ನಾನೇ ಬರೆದದ್ದು ಅಂತೀನಿ. ನೀನು ಸಹಿ ಹಾಕು. ನನಗೆ ಎಪ್ಪತ್ತೆರಡಾಯ್ತು."

ಡಾಕ್ಟರು ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತರು. ತಾನು ಕೇಳಿಸಿಕೊಂಡಿಲ್ಲ ಎಂದು ಹೇಳುವ ಅವರ ರೀತಿ ಅದು. ಗುಮಾಸ್ತರು ಗಡಿಯಾರ ನೋಡಿಕೊಂಡರು. ನಾಲ್ಕಕ್ಕೆ ಹತ್ತು ನಿಮಿಷ.

ಹೇಳಿಕೆ ನನ್ನ ಮುಂದಿತ್ತು. 'ಸದರಿ ಕಾರ್ಡಿನಲ್ಲಿರುವ ಬರವಣಿಗೆ ನನ್ನ ತಮ್ಮನದಲ್ಲವೆಂದು ಈ ಮೂಲಕ ತಿಳಿಯಪಡಿಸುತ್ತೇನೆ.' ಕೆಳಗೆ ನನ್ನ ಸಹಿಗೆ ಒಂದು ಗೆರೆ. ಅಷ್ಟೇ. ಒಂದು ಸಹಿಗೆ ಎಷ್ಟು ಹೊತ್ತು ಬೇಕು?

ಪೆನ್ನು ತೆಗೆದುಕೊಂಡೆ. ಸುಳ್ಳು ಹೇಳಬೇಕೆಂದೇ ತೆಗೆದುಕೊಂಡೆ, ಮುಚ್ಚಿಡುವುದೇನು. ಅವನು ಇಪ್ಪತ್ತು ವರ್ಷ ಒಳಗಿರುವುದು, ನಾನು ಪ್ರತಿ ತಿಂಗಳು ಆ ಕಂಬಿಯ ಈಚೆ ನಿಂತು ಮುದುಕಿಯಾಗುವುದು, ಎಲ್ಲವೂ ಕಣ್ಣ ಮುಂದೆ ಬಂತು. ಪೆನ್ನಿನ ಮೊನೆ ಕಾಗದಕ್ಕೆ ಮುಟ್ಟಿತು.

ತಲೆ ಎತ್ತಬಾರದಿತ್ತು, ಎತ್ತಿದೆ. ಎದುರಿಗೆ ಎಂಜಿನಿಯರ ಹೆಂಡತಿ ಕೂತಿದ್ದರು. ಗಂಡ ಹೇಗೆ ಸತ್ತರೆಂದು ಹನ್ನೊಂದು ತಿಂಗಳಿಂದ ತಿಳಿಯದೆ, ನನ್ನನ್ನು ನಂಬಿ ಬಂದು ಕೂತವರು. ಅವರ ಮುಖ ನೋಡಿಕೊಂಡು ಆ ಗೆರೆಯ ಮೇಲೆ ಹೆಸರು ಬರೆಯಲು ನನ್ನಿಂದ ಆಗಲಿಲ್ಲ. ತಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದನಲ್ಲ, ಅದೂ ನನಗೆ.

ಪೆನ್ನಿನ ಮುಚ್ಚಳ ಹಾಕಿ ಗುಮಾಸ್ತರ ಕೈಗೆ ವಾಪಸು ಕೊಟ್ಟೆ.

"ಇದಕ್ಕೆ ನಾನು ಸಹಿ ಹಾಕೋಕಾಗಲ್ಲ," ಎಂದೆ. "ಹತ್ತು, ಹನ್ನೊಂದು ಬರೆದದ್ದು ನನ್ನ ತಮ್ಮ. ವಕೀಲರಿಗೆ ಹೇಳಿ. ಯಾರು ಕೇಳಿದರೂ ಇದನ್ನೇ ಹೇಳ್ತೀನಿ."

ಗುಮಾಸ್ತರು ಹೇಳಿಕೆಯನ್ನು ಲಕೋಟೆಗೆ ವಾಪಸು ತುರುಕಿದರು. ಮೇಷ್ಟ್ರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಎಂಜಿನಿಯರ ಹೆಂಡತಿಯ ಕಡೆ ತಿರುಗಿದೆ. ಕ್ಷಮೆ ಕೇಳಬೇಕೆಂದಿದ್ದೆ.

ಅವರೇ ಮೇಜಿನ ಮೇಲೆ ಬಗ್ಗಿ ನನ್ನ ಕೈ ಹಿಡಿದುಕೊಂಡರು. ಅವರ ಬೆರಳುಗಳು ತಣ್ಣಗಿದ್ದವು.

"ನೀವು ಸಹಿ ಹಾಕ್ತೀರಿ ಅಂದುಕೊಂಡಿದ್ದೆ ಅಕ್ಕ. ಹಾಕಿದ್ದರೆ ನಾನೂ ಸುಮ್ಮನಿದ್ದುಬಿಡ್ತಿದ್ದೆ," ಎಂದರು. "ನಾನು ಹೋಟೆಲಿನಲ್ಲಿ ಮಲಗಿರಲಿಲ್ಲ. ನಿಮ್ಮ ತಮ್ಮ ಆ ಐದು ಬರೆಯುವಾಗ ನಾನು ನಮ್ಮವರ ಪಕ್ಕದಲ್ಲೇ ನಿಂತಿದ್ದೆ."